ಟೈರಿನೊಳಗಿನ ಇದ್ದಿಲು

ಮಕ್ಕಳೇ, ಯುಗಾದಿ ಊಟ ಮುಗಿದ ಮೇಲೆ ನೀವೆಲ್ಲ ಸೇರಿ ಜ್ಯೂಸ್ ಬಾಟಲಿಗಳನ್ನು ಮೂಟೆ ಕಟ್ಟಿ ರಿಟರ್ನ್ ಅಂಡ್ ಅರ್ನ್ ಯಂತ್ರಕ್ಕೆ ಹಾಕಿ ಬಂದಿರಿ. ಬಾಟಲಿಗೆ 10 ಸೆಂಟು. ಒಟ್ಟು ಎಷ್ಟಾಯಿತು, ದುಡ್ಡು ಯಾರ ಜೇಬು ಸೇರಿತು ಎಂದು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಆದರೆ ಊಟ ನಡೆದ ಹಾಲ್‌ನ ಹಿತ್ತಲಲ್ಲಿ ಗೋಡೆಗೊರಗಿ ನಿಂತಿದ್ದ ಹಳೇ ಕಾರ್ ಟೈರನ್ನು ನೀವು ಯಾರೂ ಮುಟ್ಟಲಿಲ್ಲ. ಅದಕ್ಕೆ ಯಾವ ಯಂತ್ರವೂ ಕಾಸು ಕೊಡುವುದಿಲ್ಲವಲ್ಲ!

ಅಂಥ ಟೈರನ್ನು ಕಂಡರೆ ಬಿಡದ ಒಬ್ಬರು ನಮ್ಮ ಸಿಡ್ನಿಯಲ್ಲೇ ಇದ್ದಾರೆ. ಹೆಸರು ವೀಣಾ ಸಹಜ್‌ವಾಲಾ. ಆನ್ಜಾಕ್ ಪೆರೇಡ್‌ನಲ್ಲಿ ಲೈಟ್ ರೈಲು ನಿಲ್ಲುತ್ತದಲ್ಲ, ಆ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಧ್ಯಾಪಕಿ. ಕನ್ನಡದವರಲ್ಲ, ಮುಂಬೈಯವರು. ನಮ್ಮ ಕನ್ನಡ ಕೂಟದ ಸಂಚಿಕೆಯಲ್ಲಿ ಕನ್ನಡದವರ ಬಗ್ಗೆಯೇ ಬರೆಯಬೇಕೆಂದು ಸಂಪಾದಕರು ಹಟ ಹಿಡಿದರೆ, ಮುಂದೆ ಭದ್ರಾವತಿ ಬರುತ್ತದೆ, ತಾಳಿ ಎನ್ನುತ್ತೇನೆ.

ವೀಣಾ ಓದಿದ್ದು ಕಾನ್ಪುರದ ಐಐಟಿಯಲ್ಲಿ, ಲೋಹಗಳ ಎಂಜಿನಿಯರಿಂಗ್. ಇಡೀ ತರಗತಿಗೆ ಅವರೊಬ್ಬರೇ ಹುಡುಗಿ. 1986ರಲ್ಲಿ ಪದವಿ ಪಡೆದು ಕೆನಡಾಕ್ಕೆ ಹೋದರು, ಅಲ್ಲಿಂದ ಅಮೆರಿಕದ ಮಿಷಿಗನ್‌ಗೆ. ಪಿಎಚ್.ಡಿ. ಮುಗಿಸಿ ಆಸ್ಟ್ರೇಲಿಯಾಕ್ಕೆ ಬಂದವರು ಇಲ್ಲಿಯೇ ನಿಂತರು. ಪದವಿಗಳ ಪಟ್ಟಿ ಇಷ್ಟು ಸಾಕು. ನನಗೆ ಬೇಕಾದದ್ದು ಅವರ ಕುಲುಮೆಯ ಕಥೆ.

ಹಳೇ ಕಾರು, ಮುರಿದ ಫ್ರಿಜ್, ತುಕ್ಕು ಹಿಡಿದ ಸರಳು ಎಲ್ಲ ಗುಜರಿಗೆ ಹೋಗುತ್ತವೆ. ಆ ಗುಜರಿ ಕಬ್ಬಿಣವನ್ನು ದೊಡ್ಡ ಕುಲುಮೆಯೊಳಗೆ ಹಾಕಿ, ವಿದ್ಯುತ್ತಿನ ಕಿಡಿ ಹಾಯಿಸಿ, ಸುಮಾರು 1,600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಹೊಸ ಉಕ್ಕು ಮಾಡುತ್ತಾರೆ. ಕರಗಿದ ಉಕ್ಕಿನ ಮೇಲೆ ಕಲ್ಮಶಗಳ ಕಿಟ್ಟ ತೇಲುತ್ತದೆ. ಅಷ್ಟು ಕಾವು ಮೇಲಿಂದ ಸೋರಿಹೋದರೆ ಕರೆಂಟ್ ಬಿಲ್ಲಿನ ಗತಿ ಏನು? ಅದಕ್ಕೇ ಕುಲುಮೆಯೊಳಗೆ ಕೋಕ್ ಪುಡಿ ಊದುತ್ತಾರೆ. ಕೋಕ್ ಅಂದರೆ ಕಲ್ಲಿದ್ದಲನ್ನು ಗಾಳಿ ತಾಕದಂತೆ ಕಾಸಿ ಮಾಡಿದ ಇಂಗಾಲ, ನೀವು ಕುಡಿಯುವುದಲ್ಲ. ಈ ಇಂಗಾಲ ಕಿಟ್ಟದೊಳಗಿನ ಆಮ್ಲಜನಕದ ಜೊತೆ ಸೇರಿ ಅನಿಲವಾಗುತ್ತದೆ. ಅನಿಲ ಗುಳ್ಳೆಗುಳ್ಳೆಯಾಗಿ ಎದ್ದು, ಉಕ್ಕುವ ಹಾಲಿನಂತೆ ಕಿಟ್ಟವೆಲ್ಲ ನೊರೆಯಾಗುತ್ತದೆ. ಆ ನೊರೆಯೇ ಉಕ್ಕಿಗೆ ಕಂಬಳಿ.

ವೀಣಾ ಅವರ ಪ್ರಶ್ನೆ ಇಷ್ಟೆ: ನೊರೆ ಏಳಿಸಲು ಇಂಗಾಲ ತಾನೇ ಬೇಕು? ಅದು ಕಲ್ಲಿದ್ದಲಿನಿಂದಲೇ ಏಕೆ ಬರಬೇಕು?

ಟೈರ್ ಏಕೆ ಕಪ್ಪು ಗೊತ್ತೇ? ಮರದಿಂದ ಇಳಿಯುವ ರಬ್ಬರ್ ಹಾಲು ಬೆಳ್ಳಗಿರುತ್ತದೆ. ಗಟ್ಟಿಯಾಗಲೆಂದು ಅದಕ್ಕೆ ನುಣುಪಾದ ಮಸಿ ಬೆರೆಸುತ್ತಾರೆ. ದೀಪದ ಕುಡಿಯ ಮೇಲೆ ತಟ್ಟೆ ಹಿಡಿದು ಅಜ್ಜಿ ಕಾಡಿಗೆ ಮಾಡುತ್ತಿದ್ದರಲ್ಲ, ಆ ಮಸಿಯ ಜಾತಿಯದೇ. ಜೊತೆಗೆ ರಬ್ಬರಿನಲ್ಲೂ ಇಂಗಾಲವಿದೆ, ಜಲಜನಕವಿದೆ. ನಮ್ಮ ಕಣ್ಣಿಗೆ ಸವೆದ ಟೈರ್, ವೀಣಾ ಅವರ ಕಣ್ಣಿಗೆ ಇಂಗಾಲದ ಗಂಟು. ಟೈರನ್ನು ಪುಡಿ ಮಾಡಿ, ಒಂದಿಷ್ಟು ಕೋಕ್ ಬದಲಿಗೆ ಅದನ್ನೇ ಊದಿದರು. ನೊರೆ ಇನ್ನೂ ಚೆನ್ನಾಗಿ ಎದ್ದಿತು, ಕರೆಂಟೂ ಉಳಿಯಿತು.

ಹೇಳುವುದು ಸುಲಭ. ಬೆಂಕಿಯ ಮುಂದೆ ವರ್ಷಗಟ್ಟಲೆ ದುಡಿದ ಕಾರ್ಖಾನೆಯವರ ಹತ್ತಿರ ಹೋಗಿ 'ನಿಮ್ಮ ಕುಲುಮೆಗೆ ಟೈರ್ ಹಾಕೋಣ' ಎಂದು ಒಪ್ಪಿಸಿದ್ದೇ ನನಗೆ ದೊಡ್ಡ ಸಾಹಸವಾಗಿ ಕಾಣುತ್ತದೆ. ವನ್‌ಸ್ಟೀಲ್ ಕಂಪನಿ ಒಪ್ಪಿ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಅದನ್ನು ಬಳಸಿತು. 20 ಲಕ್ಷಕ್ಕೂ ಹೆಚ್ಚು ಟೈರುಗಳು ಕಸದ ಗುಂಡಿ ಸೇರುವುದು ಹೀಗೆ ತಪ್ಪಿತು. 2005ರಲ್ಲಿ ಈ ಕೆಲಸಕ್ಕೆ ಯುರೇಕಾ ಪ್ರಶಸ್ತಿ ಬಂತು.

ಈಗ ಭದ್ರಾವತಿ. 1923ರಲ್ಲಿ ಅಲ್ಲಿಯ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಬೆಂಕಿ ಬಿದ್ದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಆದರೆ ನಮ್ಮ ಸೀಮೆಯಲ್ಲಿ ಕಲ್ಲಿದ್ದಲು ಎಲ್ಲಿದೆ? ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿದರು. ಆ ಇದ್ದಿಲ ಕೆಲಸವೇ ಬೇರೆ, ಅದಿರಿನಿಂದ ಆಮ್ಲಜನಕವನ್ನು ಕೀಳುವುದು. ಬೇಕಾದದ್ದು ಮಾತ್ರ ಅದೇ ಇಂಗಾಲ. ಆ ಕಾರ್ಖಾನೆಯನ್ನು ಮುನ್ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲಕ್ಕೆ ಅದು ಜಾಣ ಉಪಾಯ, ಕಾಡಿಗೆ ಮಾತ್ರ ದುಬಾರಿ. ಇಂಗಾಲವನ್ನು ಕಾಡಿನಲ್ಲಿ ಹುಡುಕುವ ಬದಲು ಗುಜರಿಯಲ್ಲಿ ಹುಡುಕಿದ್ದೇ ವೀಣಾ ಅವರ ಹೆಚ್ಚುಗಾರಿಕೆ.

ಟೈರ್ ಪುಡಿ ಊದಿ ಮಾಡಿದ ಉಕ್ಕನ್ನು 'ಹಸಿರು ಉಕ್ಕು' ಎಂದು ಕರೆದರು. ಹೆಸರು ಸ್ವಲ್ಪ ದೊಡ್ಡದಾಯಿತು ಎಂದು ನನಗನ್ನಿಸುತ್ತದೆ. ಟೈರ್ ಸುಟ್ಟರೂ ಹೊಗೆಯೊಳಗೆ ಇಂಗಾಲ ಇದ್ದೇ ಇರುತ್ತದೆ, ಕೋಕ್ ಬಳಕೆ ಪೂರ್ತಿ ನಿಂತಿಲ್ಲ. ವೀಣಾ ಅವರೂ ಅಲ್ಲಿಗೇ ನಿಲ್ಲಲಿಲ್ಲ. 2008ರಲ್ಲಿ ಸ್ಮಾರ್ಟ್ ಎಂಬ ಸಂಶೋಧನಾ ಕೇಂದ್ರ ಕಟ್ಟಿದರು. 2018ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಪುಟ್ಟ ಕಾರ್ಖಾನೆ ತೆರೆದರು. ಹಳೇ ಕಂಪ್ಯೂಟರ್, ಫೋನುಗಳ ಒಳಗಿನ ಹಸಿರು ಸರ್ಕ್ಯೂಟ್ ಹಲಗೆಯಿಂದ ಅಲ್ಲಿ ತಾಮ್ರ, ತವರ ತೆಗೆಯುತ್ತಾರೆ. ಪ್ಲಾಸ್ಟಿಕ್ಕಿನಿಂದ 3ಡಿ ಪ್ರಿಂಟರಿಗೆ ದಾರ ಎಳೆಯುತ್ತಾರೆ. ಒಡೆದ ಗಾಜು ಮತ್ತು ಹರಿದ ಬಟ್ಟೆಯನ್ನು ಕಾಸಿ ಒತ್ತಿ ಟೈಲ್ಸ್ ಮಾಡುವುದೂ ಅವರದೇ ವಿದ್ಯೆ. ಹಳೇ ಸೀರೆಗಳಿಂದ ಕೌದಿ ಹೊಲಿಯುವ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ನೋಡಿದ್ದರೆ 'ಅದರಾಗೇನೈತಿ ಹೊಸಾದು' ಎನ್ನುತ್ತಿದ್ದರೇನೋ. 2022ಕ್ಕೆ ನ್ಯೂ ಸೌತ್ ವೇಲ್ಸ್ ರಾಜ್ಯದ 'ವರ್ಷದ ಆಸ್ಟ್ರೇಲಿಯನ್' ಆಗಿ ಆಯ್ಕೆಯಾದವರು ಇವರೇ.

ಅಂದಹಾಗೆ, ಆ ಟೈರ್ ಇನ್ನೂ ಹಾಲ್‌ನ ಹಿತ್ತಲಲ್ಲೇ ಇದೆ. ಟೈರ್ ಅಂಗಡಿಯವರು ಸಣ್ಣ ಶುಲ್ಕ ಪಡೆದು ತೆಗೆದುಕೊಳ್ಳುತ್ತಾರೆ. ಬರುವ ಕನ್ನಡ ತರಗತಿಯ ದಿನ ಡಿಕ್ಕಿಯಲ್ಲಿ ಜಾಗ ಮಾಡಿಕೊಂಡು ಬರುವಂತೆ ಅಪ್ಪನಿಗೋ ಅಮ್ಮನಿಗೋ ಹೇಳಿ. ಮೇಜಿನ ಡ್ರಾಯರ್‌ನಲ್ಲಿ ಮಲಗಿರುವ ಹಳೇ ಫೋನುಗಳನ್ನೂ ಚಾರ್ಜರ್ ಸಮೇತ ತನ್ನಿ. ಒಟ್ಟಿಗೆ ಸಾಗಿಸೋಣ.