ಎಲುಬಿನಿಂದ ಔಷಧ: ಆಚಾರ್ಯ ಪ್ರಫುಲ್ಲಚಂದ್ರ ರಾಯ್

ಭಾರತದಲ್ಲಿ ರಾಸಾಯನಿಕ ಹಾಗೂ ಔಷಧ ತಯಾರಿಕೆಯ ಆಧುನಿಕ ಉದ್ಯಮಕ್ಕೆ ಅಡಿಗಲ್ಲನ್ನಿಟ್ಟವರಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅಗ್ರಗಣ್ಯರು. ಅವರು 1861ರ ಆಗಸ್ಟ್ 2ರಂದು, ಈಗ ಬಾಂಗ್ಲಾದೇಶದ ಖುಲ್ನಾ ಜಿಲ್ಲೆಗೆ ಸೇರಿರುವ ರಾರೂಲಿ ಗ್ರಾಮದಲ್ಲಿ ಜನಿಸಿದರು. ತಂದೆ ಹರಿಶ್ಚಂದ್ರ ರಾಯ್ ಜಮೀನ್ದಾರರು. ಒಳ್ಳೆಯ ಪುಸ್ತಕ ಸಂಗ್ರಹವುಳ್ಳ ವಿದ್ಯಾಪ್ರಿಯರು. ಕಲಕತ್ತೆಯ ಹೇರ್ ಶಾಲೆಯಲ್ಲಿ ಓದುತ್ತಿದ್ದಾಗ ತೀವ್ರ ಆಮಶಂಕೆ ತಗುಲಿ ಬಾಲಕ ಪ್ರಫುಲ್ಲಚಂದ್ರರು ಶಾಲೆ ಬಿಡಬೇಕಾಯಿತು. ಆ ರೋಗ ಅವರ ದೇಹವನ್ನು ಜೀವನಪರ್ಯಂತ ದುರ್ಬಲಗೊಳಿಸಿತಾದರೂ, ಮನೆಯ ಪುಸ್ತಕಗಳು ಸಾಹಿತ್ಯ ಮತ್ತು ಇತಿಹಾಸಗಳಲ್ಲಿ ಅಳಿಯದ ಆಸಕ್ತಿಯನ್ನು ಬೆಳೆಸಿದವು.

1882ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೋಗೆ ತೆರಳಿದ ಅವರು 1887ರಲ್ಲಿ ಡಿ.ಎಸ್‌ಸಿ. ಪದವೀಧರರಾದರು. ಮರುವರ್ಷ ತಾಯ್ನಾಡಿಗೆ ಮರಳಿದಾಗ ಶಿಕ್ಷಣ ಇಲಾಖೆಯ ಮೇಲಿನ ಶ್ರೇಣಿ ಭಾರತೀಯರಿಗೆ ಮುಚ್ಚಿದ ಬಾಗಿಲಾಗಿತ್ತು. 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿಗಳ ತಾತ್ಕಾಲಿಕ ಅಧ್ಯಾಪಕ ಹುದ್ದೆಯಷ್ಟೇ ದೊರೆಯಿತು.

ಓದಿದ ತರುಣರೆಲ್ಲ ಗುಮಾಸ್ತಗಿರಿಯ ಬೆನ್ನುಹತ್ತಿದ್ದುದನ್ನು ಕಂಡು ರಾಯ್ ನೊಂದರು. ದೇಶದಲ್ಲಿ ಕಚ್ಚಾವಸ್ತುಗಳು ಹೇರಳವಾಗಿದ್ದರೂ ಔಷಧಗಳು ಹಡಗಿನಲ್ಲಿ ಬರುತ್ತಿದ್ದವು. 1892ರಲ್ಲಿ ಸುಮಾರು 700 ರೂಪಾಯಿಗಳ ಬಂಡವಾಳದಿಂದ, ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೆಯ ಸಂಖ್ಯೆಯ ಬಾಡಿಗೆ ಮನೆಯಲ್ಲಿಯೇ ಬೆಂಗಾಲ್ ಕೆಮಿಕಲ್ ವರ್ಕ್ಸ್ ಆರಂಭಿಸಿದರು. ಕಸಾಯಿಗಳಿಂದ ತಂದ ದನದ ಎಲುಬುಗಳನ್ನು ಮಾಳಿಗೆಯ ಮೇಲೆ ಒಣಹಾಕಿದರು. ನಾತ ತಡೆಯಲಾರದೆ ನೆರೆಯವರು ದೂರಿದರು. ಎಲುಬುಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಸುಟ್ಟ ಎಲುಬಿನ ಬೂದಿಯನ್ನು ಗಂಧಕಾಮ್ಲದೊಡನೆ ಸಂಸ್ಕರಿಸಿ, ಬಳಿಕ ಸೋಡಾ ಬೆರೆಸಿ, ವೈದ್ಯರು ಬಳಸುವ ಸೋಡಿಯಂ ಫಾಸ್ಫೇಟನ್ನು ತಯಾರಿಸಿದರು.

ಸರಕು ಸಿದ್ಧವಾದರೂ ವಿದೇಶಿ ಚೀಟಿಯಿಲ್ಲದ ಸೀಸೆಯನ್ನು ಅಂಗಡಿಕಾರರು ನಂಬಲಿಲ್ಲ. ಆಗ ನೆರವಾದವರು ಸಹಪಾಠಿ ಡಾಕ್ಟರ್ ಅಮೂಲ್ಯಚರಣ ಬೋಸ್. ಅವರು ತಮ್ಮ ವೃತ್ತಿಬಾಂಧವರನ್ನು ಒಪ್ಪಿಸಿದರು. ಅಡುಸೋಗೆ, ಓಮ ಮುಂತಾದ ನಾಡಮದ್ದುಗಳನ್ನು ಹೊಸ ವಿಧಾನದಲ್ಲಿ ತಯಾರಿಸುವ ಹಾದಿ ತೋರಿದರು. 1898ರಲ್ಲಿ ಅಮೂಲ್ಯಚರಣರು ಪ್ಲೇಗಿಗೆ ಬಲಿಯಾದರು. ಇನ್ನೊಬ್ಬ ತರುಣ ಸಹಾಯಕರು ಪ್ರಯೋಗಾಲಯದಲ್ಲಿ ವಿಷಾಮ್ಲದ ಆಕಸ್ಮಿಕದಿಂದ ಮಡಿದರು. ರಾಯ್ ಕೈಚೆಲ್ಲಲಿಲ್ಲ. 1901ರಲ್ಲಿ ಸಂಸ್ಥೆ ಬೆಂಗಾಲ್ ಕೆಮಿಕಲ್ ಅಂಡ್ ಫಾರ್ಮಸ್ಯೂಟಿಕಲ್ ವರ್ಕ್ಸ್ ಎಂಬ ಲಿಮಿಟೆಡ್ ಕಂಪನಿಯಾಯಿತು. 1905ರಲ್ಲಿ ಮಾಣಿಕ್‌ತಲಾದಲ್ಲಿ ಕಾರ್ಖಾನೆ ತಲೆಯೆತ್ತಿತು.

ಈ ಉದ್ಯಮಿ ಹಣ ಕೂಡಿಡಲಿಲ್ಲ. ಕಲಕತ್ತೆಯಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಗಾಂಧೀಜಿಗೆ ರಾಯ್ ಅವರ ಪರಿಚಯ ಮಾಡಿಕೊಟ್ಟಾಗ, 800 ರೂಪಾಯಿ ಸಂಬಳದಲ್ಲಿ 40 ರೂಪಾಯಿ ಮಾತ್ರ ತಮಗಿಟ್ಟುಕೊಂಡು ಉಳಿದುದನ್ನು ಲೋಕಹಿತಕ್ಕೆ ವಿನಿಯೋಗಿಸುವವರೆಂದು ತಿಳಿಸಿದ್ದರು. ಅವಿವಾಹಿತರಾಗಿಯೇ ಉಳಿದ ಅವರು 1916ರಲ್ಲಿ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿಗೆ ಸೇರಿ ಅಲ್ಲಿನ ಕೋಣೆಯೊಂದರಲ್ಲಿ ಬಾಳಿದರು. ಅರುವತ್ತು ತುಂಬಿದ ಮೇಲಿನ ವೇತನವನ್ನೆಲ್ಲ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. 1922ರ ಉತ್ತರ ಬಂಗಾಳದ ಪ್ರವಾಹದಲ್ಲಿ ಪರಿಹಾರಕಾರ್ಯದ ಮುಂದಾಳಾದರು. ಅವರ ಶಿಷ್ಯ ಜ್ಞಾನಚಂದ್ರ ಘೋಷ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1944ರ ಜೂನ್ 16ರಂದು ಆಚಾರ್ಯರು ಇಹಲೋಕ ತ್ಯಜಿಸಿದರು.

ಭಾಷಾಸಾಹಿತ್ಯದ ವಿದ್ಯಾರ್ಥಿಗಳು ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಸಂಸ್ಕೃತ ಹಸ್ತಪ್ರತಿಗಳನ್ನು ಶೋಧಿಸಿ ರಾಯ್ ರಚಿಸಿದ ಹಿಂದೂ ರಸಾಯನಶಾಸ್ತ್ರದ ಇತಿಹಾಸ 1902 ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಗ್ರಂಥಸಂಪಾದನೆ ವಿಜ್ಞಾನಿಗೂ ಬೇಕಾದ ವಿದ್ಯೆಯೆಂಬುದಕ್ಕೆ ಇದು ಸಾಕ್ಷಿ. 1903ರಲ್ಲಿ ಅವರ ಕಾರ್ಖಾನೆ ಸೇರಿ, ಅದನ್ನು ದಕ್ಷತೆಯಿಂದ ನಡೆಸಿದ ರಾಜಶೇಖರ ಬಸು ‘ಪರಶುರಾಮ’ ಎಂಬ ಹೆಸರಿನಲ್ಲಿ ಬಂಗಾಳಿಯ ಶ್ರೇಷ್ಠ ಹಾಸ್ಯಲೇಖಕರಾದರು. ‘ಚಲಂತಿಕಾ’ ಎಂಬ ನಿಘಂಟನ್ನೂ ಕಟ್ಟಿದರು. ನುಡಿಯ ವ್ಯಾಸಂಗ ಮತ್ತು ಅನ್ನದ ದಾರಿ ಒಂದಕ್ಕೊಂದು ವಿರೋಧಿಯೆಂದು ಗಡಿನಾಡಿನ ನಮ್ಮ ಮಕ್ಕಳಿಗೆ ಹೇಳುವವರು ಬಹಳ. ಆ ಕಾರ್ಖಾನೆಯಲ್ಲಿ ಅವೆರಡೂ ಒಂದೇ ಸೂರಿನಡಿ ಬಾಳಿದ್ದವು.