ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

ಕೆಮ್ಮಣ್ಣಿನಿಂದ ಉಡುಪಿಗೆ ಹೋಗಿಬರುವ ನಮ್ಮ ವಿದ್ಯಾರ್ಥಿಗಳಿಗೆ ಹಾಜಿ ಅಬ್ದುಲ್ಲಾ ಆಸ್ಪತ್ರೆ ಗೊತ್ತು. ಆ ಹೆಸರಿನ ವ್ಯಕ್ತಿ ಯಾರೆಂದು ತರಗತಿಯಲ್ಲಿ ಕೇಳಿದರೆ ಕೈ ಎತ್ತುವವರು ಕಡಿಮೆ.

ಮರ್ಹೂಂ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಉಡುಪಿಯ ಸಿರಿವಂತ ವರ್ತಕರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಡುಪಿಯಲ್ಲಿ ಬ್ಯಾಂಕ್ ಇರಲಿಲ್ಲ. ಹಣದ ವ್ಯವಹಾರವೆಲ್ಲ ಕೆಲವೇ ಶ್ರೀಮಂತರ ಕೈಯಲ್ಲಿತ್ತು. ಸಾಹೇಬರೂ ಶ್ರೀಮಂತರೇ, ಬೇಕಿದ್ದರೆ ತಾವೂ ಬಡ್ಡಿಗೆ ಸಾಲ ಕೊಟ್ಟು ಸುಮ್ಮನಿರಬಹುದಿತ್ತು. ಅವರು ಹಾಗೆ ಮಾಡದೆ ಊರಿನ ಹಿತೈಷಿಗಳನ್ನು ಸೇರಿಸಿ, ಜಾತಿ ಮತ ನೋಡದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವ ಉದ್ದೇಶದಿಂದ 1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. ಮೂಲ ಬಂಡವಾಳ 5000 ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕದಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ!

ಇಷ್ಟು ಸಣ್ಣ ಮೊತ್ತದ ಮೇಲೆ ಬ್ಯಾಂಕ್ ನಿಂತದ್ದು ಹೇಗೆ? ನನಗನಿಸುವಂತೆ, ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದ ಇನ್ನೊಂದು ಬಂಡವಾಳ ಅಲ್ಲಿತ್ತು. ಇಂದು ಅದನ್ನು ಸಾಮಾಜಿಕ ಬಂಡವಾಳ ಎನ್ನುತ್ತಾರೆ, ನಮ್ಮ ಹಿರಿಯರ ಮಾತಿನಲ್ಲಿ ಭರವಸೆ. ಹಣ ಇಡುವವನಿಗೆ ಬ್ಯಾಂಕೆಂದರೇನೆಂದು ಗೊತ್ತಿರಲಿಲ್ಲ, ಸಾಹೇಬರು ಗೊತ್ತಿದ್ದರು. ಕೃಷ್ಣಮಠದ ದೀಪಗಳಿಗೆ ಅವರು ಎಣ್ಣೆ ಕೊಟ್ಟ ಕಥೆಯನ್ನು ಉಡುಪಿಯಲ್ಲಿ ಈಗಲೂ ಹೇಳುತ್ತಾರೆ. ಆಸ್ಪತ್ರೆಗೆ ಜಾಗ ದಾನ ಮಾಡಿದವರೂ ಅವರೇ. ಇಂಥವರ ಬಳಿ ಇಟ್ಟ ದುಡ್ಡು ಎಲ್ಲಿಗೂ ಹೋಗದು ಎಂದು ಎಲ್ಲ ಸಮುದಾಯದವರೂ ನಂಬಿದರು.

ಆದರೆ ಮುಖ ಪರಿಚಯದ ನಂಬಿಕೆ ಊರು ದಾಟುವುದು ನಿಧಾನ. ಕುಂದಾಪುರದಲ್ಲಿ ಮೊದಲ ಶಾಖೆ ತೆರೆಯಲು 1923ರವರೆಗೆ, ಅಂದರೆ ಹದಿನೇಳು ವರ್ಷ ಕಾಯಬೇಕಾಯಿತು. 1926ರಲ್ಲಿ ಮಂಗಳೂರಿಗೆ ಬಂತು. ಅಷ್ಟರಲ್ಲಿ ಜಿಲ್ಲೆಗೆ ಬ್ಯಾಂಕ್ ಹೊಸತಾಗಿ ಉಳಿದಿರಲಿಲ್ಲ. ಉಡುಪಿಯಲ್ಲೇ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡು ಆಣೆ ಉಳಿಸುವವನ ಮನೆಬಾಗಿಲಿಗೂ ಏಜೆಂಟರು ಹೋದರು. ಪರಿಚಯದವನ ಕೈಗೆ ದುಡ್ಡು ಕೊಡುವ ಹಳೆಯ ರೂಢಿಯೇ ಇಲ್ಲಿ ಹೊಸ ಯೋಜನೆಯಾಯಿತು.

ಸಾಹೇಬರು 1929ರವರೆಗೆ ಅಧ್ಯಕ್ಷರಾಗಿದ್ದರು. 1935ರಲ್ಲಿ ನಿಧನರಾದರು. ಅವರ ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸಿಂಡಿಕೇಟ್ ಬ್ಯಾಂಕ್ ಅದೇ ದಿನ ಕೆನರಾ ಬ್ಯಾಂಕಿಗೆ ಸೇರಿತು. ಉಡುಪಿಯಲ್ಲಿ ಹುಟ್ಟಿದ ಎರಡು ಹೆಸರುಗಳು ಹೀಗೆ ಒಂದೇ ದಿನ ಫಲಕದಿಂದ ಇಳಿದವು.