ಗಾಜಿನ ಗೀರಿನಲ್ಲಿ ಉಕ್ಕಿನ ಗುಟ್ಟು ಕಂಡ ಗ್ರಿಫಿತ್

ಬಟ್ಟೆ ಅಂಗಡಿಯಲ್ಲಿ ರವಿಕೆ ಬಟ್ಟೆ ಕೇಳಿದರೆ ಅಂಗಡಿಯವರು ಅಳತೆ ಹಿಡಿದು, ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ, ಎರಡೂ ಕೈಗಳಿಂದ ಸರ್ರನೆ ಹರಿದುಬಿಡುತ್ತಾರೆ. ಆ ಕಚ್ಚು ಇಲ್ಲದೆ ಅದೇ ಬಟ್ಟೆಯನ್ನು ಹರಿಯಲು ಹೊರಟರೆ ಸೋಲುವುದು ಕೈಯೇ ಹೊರತು ಬಟ್ಟೆಯಲ್ಲ. ಚಿತ್ರಪಟಗಳಿಗೆ ಕಟ್ಟು ಹಾಕುವವರು ಗಾಜಿನ ಮೇಲೆ ವಜ್ರದ ಮೊನೆಯಿಂದ ಗೀರೆಳೆದು ಮುರಿಯುವುದೂ ಇದೇ ಉಪಾಯದಿಂದ. ಕಸುಬುದಾರರಿಗೆ ತಲೆಮಾರುಗಳಿಂದ ಗೊತ್ತಿದ್ದ ಈ ಸಂಗತಿಯ ಹಿಂದಿನ ಲೆಕ್ಕವನ್ನು ಮೊತ್ತಮೊದಲು ಬರೆದುಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಅಲನ್ ಆರ್ನಲ್ಡ್ ಗ್ರಿಫಿತ್. ವರ್ಷ 1920. ಆಗ ಅವರಿಗಿನ್ನೂ ಇಪ್ಪತ್ತಾರು-ಇಪ್ಪತ್ತೇಳರ ಪ್ರಾಯ. ಆ ಲೆಕ್ಕವನ್ನು ಎಂಜಿನಿಯರಿಂಗ್ ಲೋಕ ಗಂಭೀರವಾಗಿ ತೆಗೆದುಕೊಂಡಿದ್ದು ಸುಮಾರು ಮೂರು ದಶಕಗಳ ನಂತರ, ಉಕ್ಕಿನ ಹಡಗುಗಳು ನಿಂತಲ್ಲೇ ಎರಡು ಹೋಳಾಗತೊಡಗಿದ ಮೇಲೆ.

ಗ್ರಿಫಿತ್ ಹುಟ್ಟಿದ್ದು 1893ರ ಜೂನ್ 13ರಂದು, ಲಂಡನ್ನಿನಲ್ಲಿ. ತಂದೆ ಜಾರ್ಜ್ ಗ್ರಿಫಿತ್ ಆ ಕಾಲದ ಹೆಸರಾಂತ ವೈಜ್ಞಾನಿಕ ಕಾದಂಬರಿಕಾರರು. ಆಕಾಶನೌಕೆಗಳು ಯುದ್ಧ ನಡೆಸುವ ಅವರ ಪ್ರಸಿದ್ಧ ಕಾದಂಬರಿ ಹೊರಬಂದದ್ದೂ ಮಗ ಹುಟ್ಟಿದ ವರ್ಷವೇ. ವಿಮಾನವೆಂಬುದು ಇನ್ನೂ ಕನಸಾಗಿದ್ದ ದಿನಗಳಲ್ಲಿ ತಂದೆ ಕಲ್ಪನೆಯಲ್ಲಿ ಹಾರಿಸಿದ್ದನ್ನು ಮಗ ಮುಂದೆ ಲೆಕ್ಕದಲ್ಲಿ ಹಾರಿಸಿದರೆನ್ನಬಹುದು. ಆದರೆ ಅದನ್ನು ನೋಡಲು ತಂದೆ ಉಳಿದಿರಲಿಲ್ಲ. ಅವರು 1906ರಲ್ಲೇ ತೀರಿಕೊಂಡರು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಶಾಲೆ ಮುಗಿಸಿದ ಬಾಲಕ 1911ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯ ಸೇರಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಸೇರಿಕೊಂಡರು. ಆ ಕಾರ್ಖಾನೆಯೇ ಮುಂದೆ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸಂಶೋಧನಾ ಸಂಸ್ಥೆಯಾಯಿತು.

ಅಲ್ಲಿ ಅವರಿಗೆ ಮೊದಲ ಹೆಸರು ತಂದುಕೊಟ್ಟದ್ದು ಸೋಪಿನ ನೀರು. ವಿಚಿತ್ರ ಆಕಾರದ ದಂಡವೊಂದನ್ನು ತಿರುಚಿದಾಗ ಅದರೊಳಗೆ ಒತ್ತಡ ಎಲ್ಲಿ ಎಷ್ಟಿರುತ್ತದೆ ಎಂಬುದನ್ನು ಗಣಿತದಿಂದ ಬಿಡಿಸುವುದು ಆ ದಿನಗಳಲ್ಲಿ ದುಸ್ಸಾಧ್ಯವಾಗಿತ್ತು. ಅದೇ ಆಕಾರದ ರಂಧ್ರದ ಮೇಲೆ ಸೋಪಿನ ಪೊರೆಯನ್ನು ಹರಡಿ ಉಬ್ಬಿಸಿದರೆ, ಪೊರೆಯ ಇಳಿಜಾರನ್ನು ಅಳೆದೇ ದಂಡದೊಳಗಿನ ಒತ್ತಡವನ್ನು ಹೇಳಬಹುದು. ಜರ್ಮನಿಯ ಪ್ರಾಂಟ್ಲ್ ಸೂಚಿಸಿದ್ದ ಈ ಹೋಲಿಕೆಯನ್ನು ಗ್ರಿಫಿತ್ ಮತ್ತು ಜಿ.ಐ. ಟೇಲರ್ 1917ರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ವಿಧಾನವನ್ನಾಗಿ ಮಾಡಿದರು. ಸಹೋದ್ಯೋಗಿಗಳು ಗ್ರಿಫಿತ್ ಅವರಿಗೆ ಸೋಪಿನ ಗುಳ್ಳೆಯ ಅಡ್ಡಹೆಸರನ್ನೇ ಇಟ್ಟರು. ಸೋಪಿನ ಪೊರೆಯ ಈ ಸಹವಾಸವೇ ಮುಂದಿನ ದೊಡ್ಡ ಆಲೋಚನೆಗೆ ದಾರಿ ಮಾಡಿರಬಹುದೆಂದು ಊಹಿಸಲು ಅಡ್ಡಿಯಿಲ್ಲ. ಏಕೆಂದರೆ ಎರಡರಲ್ಲೂ ಮುಖ್ಯ ಪಾತ್ರ ಮೇಲ್ಮೈಯದೇ.

ಆಗ ವಿಮಾನ ಎಂಜಿನಿಯರುಗಳನ್ನು ಕಾಡುತ್ತಿದ್ದ ಒಗಟು ಹೀಗಿತ್ತು. ಗೀರು ಬಿದ್ದ ಲೋಹದ ಭಾಗಗಳು ಗೀರಿಲ್ಲದವುಗಳಿಗಿಂತ ಬೇಗ ಮುರಿಯುತ್ತಿದ್ದವು. ಸಿ.ಇ. ಇಂಗ್ಲಿಸ್ ಎಂಬ ಪ್ರಾಧ್ಯಾಪಕರು 1913ರಲ್ಲಿ ಹಡಗಿನ ತಗಡುಗಳ ಬಿರುಕುಗಳನ್ನು ಕುರಿತು ಬರೆಯುತ್ತಾ, ತಗಡಿನಲ್ಲೊಂದು ರಂಧ್ರವಿದ್ದರೆ ಅದರ ಅಂಚಿನಲ್ಲಿ ಒತ್ತಡ ಒಟ್ಟುಗೂಡುತ್ತದೆ ಎಂದು ತೋರಿಸಿದ್ದರು. ದುಂಡನೆಯ ರಂಧ್ರವಾದರೆ ಅಂಚಿನ ಒತ್ತಡ ಮೂರು ಪಟ್ಟು. ರಂಧ್ರ ಚೂಪಾದಷ್ಟೂ ಅದು ಏರುತ್ತಲೇ ಹೋಗುತ್ತದೆ. ಇಷ್ಟು ಸರಿಯೇ. ಆದರೆ ಈ ಲೆಕ್ಕದಲ್ಲಿ ರಂಧ್ರದ ಆಕಾರಕ್ಕಷ್ಟೇ ಬೆಲೆ, ಗಾತ್ರಕ್ಕೆ ಬೆಲೆಯೇ ಇಲ್ಲ. ಒಂದೇ ಆಕಾರದ್ದಾದರೆ ಕೂದಲೆಳೆಯಷ್ಟು ಗೀರೂ ಗೇಣುದ್ದದ ಸೀಳೂ ಒಂದೇ ಅಪಾಯ ಎಂದಾಗುತ್ತದೆ. ಅದಕ್ಕಿಂತ ವಿಚಿತ್ರವೆಂದರೆ, ಮೊನೆ ಪರಿಪೂರ್ಣವಾಗಿ ಚೂಪಾಗಿರುವ ಬಿರುಕಿನ ತುದಿಯಲ್ಲಿ ಒತ್ತಡ ಅನಂತವಾಗಬೇಕು. ಹಾಗಿದ್ದರೆ ಬಿರುಕು ಬಿಟ್ಟ ಯಾವ ಲೋಟವೂ ಮುಟ್ಟಿದ ತಕ್ಷಣ ಪುಡಿಯಾಗಬೇಕಿತ್ತಲ್ಲವೇ? ಬಿರುಕು ಬಿಟ್ಟ ಲೋಟದಲ್ಲಿ ವರ್ಷಗಟ್ಟಲೆ ಕಾಫಿ ಕುಡಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಗ್ರಿಫಿತ್ ಪ್ರಶ್ನೆಯನ್ನೇ ಬದಲಿಸಿದರು. ಬಿರುಕಿನ ತುದಿಯಲ್ಲಿ ಒತ್ತಡ ಎಷ್ಟು ಎಂದು ಕೇಳುವ ಬದಲು, ಬಿರುಕು ಮುಂದುವರಿಯಲು ಬೇಕಾದ ಶಕ್ತಿಯ ಖರ್ಚನ್ನು ಭರಿಸುವವರು ಯಾರು ಎಂದು ಕೇಳಿದರು. ಬಿರುಕು ಬೆಳೆದರೆ ಎರಡು ಹೊಸ ಮೇಲ್ಮೈಗಳು ಹುಟ್ಟುತ್ತವೆ. ಹೊಸ ಮೇಲ್ಮೈ ಹುಟ್ಟಿಸುವುದು ಬಿಟ್ಟಿ ಕೆಲಸವಲ್ಲ. ಅಣುಗಳ ನಂಟನ್ನು ಬಿಡಿಸಬೇಕು. ಇದು ಖರ್ಚಿನ ಬಾಬು. ಇನ್ನೊಂದೆಡೆ, ಎಳೆದು ಬಿಗಿದ ವಸ್ತುವಿನಲ್ಲಿ ಬಿಗಿದ ಸ್ಪ್ರಿಂಗಿನಂತೆ ಶಕ್ತಿ ಸಂಗ್ರಹವಾಗಿರುತ್ತದೆ. ಬಿರುಕು ಬೆಳೆದಂತೆ ಅದರ ಅಕ್ಕಪಕ್ಕದ ಭಾಗ ಸಡಿಲಗೊಂಡು ಆ ಶಕ್ತಿ ಬಿಡುಗಡೆಯಾಗುತ್ತದೆ. ಇದು ಆದಾಯ. ಬಿರುಕಿನ ಉದ್ದ ಎರಡರಷ್ಟಾದರೆ ಖರ್ಚೂ ಎರಡರಷ್ಟಾಗುತ್ತದೆ, ಆದರೆ ಆದಾಯ ನಾಲ್ಕರಷ್ಟಾಗುತ್ತದೆ. ಗುಟ್ಟೆಲ್ಲ ಇರುವುದು ಇಲ್ಲೇ. ಬಿರುಕು ಚಿಕ್ಕದಾಗಿರುವವರೆಗೆ ಖರ್ಚೇ ಹೆಚ್ಚು, ಅದು ತೆಪ್ಪಗಿರುತ್ತದೆ. ಒಂದು ನಿರ್ದಿಷ್ಟ ಉದ್ದವನ್ನು ದಾಟಿತೆಂದರೆ ಆದಾಯವೇ ಮೇಲುಗೈಯಾಗಿ, ಹೊರಗಿನಿಂದ ಯಾರೂ ಮತ್ತಷ್ಟು ಎಳೆಯದಿದ್ದರೂ, ಬಿರುಕು ತನ್ನಷ್ಟಕ್ಕೆ ತಾನೇ ಓಡತೊಡಗುತ್ತದೆ. ಆ ಗಡಿ ಎಷ್ಟೆಂಬುದು ವಸ್ತುವಿನ ಗುಣವನ್ನೂ ಅದರ ಮೇಲಿರುವ ಭಾರವನ್ನೂ ಅವಲಂಬಿಸಿರುತ್ತದೆ.

ಇದನ್ನು ಪರೀಕ್ಷಿಸಲು ಅವರು ಆರಿಸಿಕೊಂಡದ್ದು ಗಾಜು. ಲೋಹ ಮುರಿಯುವ ಮುನ್ನ ಬಾಗುತ್ತದೆ, ಹಿಗ್ಗುತ್ತದೆ. ಗಾಜು ಅಂಥ ಗೊಂದಲವಿಲ್ಲದೆ ಮುರಿಯುತ್ತದೆ. ಗಾಜಿನ ಬುರುಡೆಗಳಲ್ಲೂ ಕೊಳವೆಗಳಲ್ಲೂ ಬೇರೆಬೇರೆ ಉದ್ದದ ಬಿರುಕುಗಳನ್ನು ಬೇಕೆಂದೇ ಮಾಡಿ, ಒಳಗಿನಿಂದ ಒತ್ತಡ ಹಾಕಿ ಒಡೆದು ನೋಡಿದರು. ಫಲಿತಾಂಶ ಸೂತ್ರಕ್ಕೆ ಹೊಂದಿಕೊಂಡಿತು: ಬಿರುಕಿನ ಉದ್ದ ನಾಲ್ಕು ಪಟ್ಟಾದರೆ ತಾಳಿಕೊಳ್ಳುವ ಬಲ ಅರ್ಧಕ್ಕಿಳಿಯುತ್ತದೆ.

ಹಾಗಾದರೆ ಕಣ್ಣಿಗೆ ಬಿರುಕೇ ಕಾಣದ ಗಾಜೂ ಅಣುಗಳ ಲೆಕ್ಕ ಹೇಳುವುದಕ್ಕಿಂತ ಎಷ್ಟೋ ಪಟ್ಟು ದುರ್ಬಲವಾಗಿರುವುದೇಕೆ? ಅದರಲ್ಲೂ ಕಾಣದಷ್ಟು ಸಣ್ಣ ಬಿರುಕುಗಳಿರಬೇಕು ಎಂದು ಗ್ರಿಫಿತ್ ತರ್ಕಿಸಿದರು. ತೀರಾ ತೆಳ್ಳನೆಯ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇರುವುದಿಲ್ಲ, ಆದ್ದರಿಂದ ಅದು ಗಟ್ಟಿಯಾಗಿರಬೇಕು. ಕಾದ ಗಾಜನ್ನು ಎಳೆದು ನೂಲು ತೆಗೆದು ತೂಗಿ ನೋಡಿದರು. ಒಂದು ಮಿಲಿಮೀಟರ್ ದಪ್ಪದ ಕಡ್ಡಿ ಚದರ ಅಂಗುಲಕ್ಕೆ ಸುಮಾರು 25 ಸಾವಿರ ಪೌಂಡ್ ಎಳೆತಕ್ಕೆ ಮುರಿದರೆ, ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗದಷ್ಟು ತೆಳ್ಳಗಿನ ನೂಲು 4.9 ಲಕ್ಷ ಪೌಂಡ್ ತಡೆದುಕೊಂಡಿತು. ಅದೇ ಗಾಜು, ಸುಮಾರು ಇಪ್ಪತ್ತು ಪಟ್ಟು ಬಲ! ದೋಣಿಯಿಂದ ನೀರಿನ ತೊಟ್ಟಿಯವರೆಗೆ ಇಂದು ನಾವು ಬಳಸುವ ಫೈಬರ್ ಗ್ಲಾಸಿನ ಬಲವೂ ತೆಳು ನೂಲಿನ ಈ ಗುಣದಿಂದಲೇ ಬಂದದ್ದು.

ಈ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. ಲೆಕ್ಕದಲ್ಲಿ ಉಳಿದಿದ್ದ ಒಂದು ತಪ್ಪನ್ನು ಗ್ರಿಫಿತ್ ತಾವೇ 1924ರಲ್ಲಿ ಹಾಲೆಂಡಿನ ಡೆಲ್ಫ್ಟ್ ಸಮ್ಮೇಳನಕ್ಕೆ ಬರೆದ ಪ್ರಬಂಧದಲ್ಲಿ ತಿದ್ದಿದರು. ಆದರೆ ಸೇತುವೆ, ಬಾಯ್ಲರ್, ಹಡಗು ಕಟ್ಟುವವರಿಗೆ ಇದು ಗಾಜಿನ ಕಥೆಯಾಗಿಯೇ ಉಳಿಯಿತು. ಉಕ್ಕಿಗೂ ಗಾಜಿಗೂ ಏನು ಸಂಬಂಧ ಎಂಬುದು ಅವರ ಧೋರಣೆ. ಆ ಸಂಶಯ ಪೂರ್ತಿ ಹುರುಳಿಲ್ಲದ್ದೇನೂ ಅಲ್ಲ. ಗ್ರಿಫಿತ್ ಸೂತ್ರವನ್ನು ಇದ್ದಂತೆಯೇ ಉಕ್ಕಿಗೆ ಹಚ್ಚಿದರೆ ಉತ್ತರ ತಪ್ಪುತ್ತಿತ್ತು. ಆದರೆ ಏಕೆ ತಪ್ಪುತ್ತದೆ ಎಂದು ಕೂತು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಇದರ ಜೊತೆಗೆ ಒಂದು ಬೆಂಕಿಯ ಕಥೆಯೂ ಇದೆ. ಮುಂದೆ ಫಾರ್ನ್‌ಬರೋದಲ್ಲೇ ಕೆಲಸ ಮಾಡಿದ ಜೆ.ಇ. ಗಾರ್ಡನ್ ತಮ್ಮ ಪುಸ್ತಕದಲ್ಲಿ ಬರೆದಿರುವಂತೆ, ಗಾಜು ಕಾಯಿಸುವ ಅನಿಲದ ಒಲೆಯನ್ನು ಗ್ರಿಫಿತ್ ಅವರ ಸಹಾಯಕರು ಒಂದು ರಾತ್ರಿ ಆರಿಸದೆ ಹೋದರು, ಪ್ರಯೋಗಾಲಯಕ್ಕೆ ಬೆಂಕಿ ಬಿತ್ತು, ವಿಚಾರಣೆ ನಡೆದು ಗ್ರಿಫಿತ್ ಅವರನ್ನು ಎಂಜಿನ್ ವಿಭಾಗಕ್ಕೆ ಎತ್ತಂಗಡಿ ಮಾಡಲಾಯಿತು. ಮರೆತ ಸಹಾಯಕ ಬೆನ್ ಲಾಕ್‌ಸ್ಪೈಸರ್ ಮುಂದೆ ಸರ್ ಪದವಿ ಪಡೆದು, 1954ರಲ್ಲಿ ಯುರೋಪಿನ ಸೆರ್ನ್ ಸಂಸ್ಥೆಯ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷರಾದರು. ಎತ್ತಂಗಡಿಯಿಂದ ವಿಜ್ಞಾನಕ್ಕೆ ಆದದ್ದು ಲಾಭವೋ ನಷ್ಟವೋ ಹೇಳುವುದು ಕಷ್ಟ.

ಏಕೆಂದರೆ ಎಂಜಿನ್ ವಿಭಾಗದಲ್ಲೂ ಗ್ರಿಫಿತ್ ಸುಮ್ಮನೆ ಕೂರಲಿಲ್ಲ. ಟರ್ಬೈನಿನ ಅಲಗುಗಳನ್ನು ವಿಮಾನದ ರೆಕ್ಕೆಯ ಆಕಾರದಲ್ಲಿ ಮಾಡಿದರೆ ಹಾರಾಟಕ್ಕೆ ತಕ್ಕ ಗ್ಯಾಸ್ ಟರ್ಬೈನ್ ಸಾಧ್ಯ ಎಂದು 1926ರಲ್ಲೇ ತೋರಿಸಿದರು. ಆದರೆ ಅವರ ಮನಸ್ಸಿನಲ್ಲಿದ್ದದ್ದು ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್. 1929ರಲ್ಲಿ ಫ್ರಾಂಕ್ ವಿಟ್ಲ್ ಎಂಬ 22ರ ಯುವ ವಾಯುಸೇನಾಧಿಕಾರಿ ಪ್ರೊಪೆಲ್ಲರೇ ಬೇಡದ ಜೆಟ್ ಎಂಜಿನಿನ ಯೋಜನೆ ಹಿಡಿದು ಬಂದಾಗ, ವಾಯುಯಾನ ಸಚಿವಾಲಯ ಅದನ್ನು ತೂಗಿ ನೋಡಲು ಗ್ರಿಫಿತ್ ಅವರಿಗೇ ಕೊಟ್ಟಿತು. ಅವರು ಲೆಕ್ಕದಲ್ಲೊಂದು ತಪ್ಪು ಹುಡುಕಿ, ಇದು ಆಗುವ ಮಾತಲ್ಲ ಎಂಬಂತೆ ಕಳುಹಿಸಿಬಿಟ್ಟರು. 1935ರಲ್ಲಿ ವಿಟ್ಲ್ ಅವರ ಪೇಟೆಂಟ್ ಐದು ಪೌಂಡ್ ನವೀಕರಣ ಶುಲ್ಕಕ್ಕೆ ಗತಿಯಿಲ್ಲದೆ ರದ್ದಾಯಿತು. ಜೆಟ್ ವಿಮಾನವನ್ನು 1939ರ ಆಗಸ್ಟಿನಲ್ಲಿ ಮೊದಲು ಹಾರಿಸಿದ್ದು ಜರ್ಮನಿ. ವಿಟ್ಲ್ ಎಂಜಿನಿನ ವಿಮಾನ ಮೇಲೇರಿದ್ದು 1941ರ ಮೇ ತಿಂಗಳಲ್ಲಿ. ತಮ್ಮದೇ ಹೊಸ ಮಾತಿಗೆ ಕಿವಿಗೊಡದ ಹಿರಿಯರ ನಡುವೆ ಬೆಳೆದ ಗ್ರಿಫಿತ್, ಇನ್ನೊಬ್ಬ ಕಿರಿಯರ ಮಾತಿಗೆ ಕಿವಿಗೊಡಲಿಲ್ಲ. ಅವರ ಜೀವನದಲ್ಲಿ ಅಭಿಮಾನಿಗಳಿಗೂ ಸಮರ್ಥಿಸಲಾಗದ ಅಧ್ಯಾಯವಿದು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಅಮೆರಿಕ ಸರಕು ಸಾಗಣೆಗೆಂದು 2,700ಕ್ಕೂ ಹೆಚ್ಚು ಲಿಬರ್ಟಿ ಹಡಗುಗಳನ್ನು ಭರದಿಂದ ಕಟ್ಟಿತು. ಕಾಲ ಉಳಿಸಲು ರಿವೆಟ್ ಬಿಟ್ಟು ಬೆಸುಗೆ ಹಾಕಲಾಯಿತು. 1943ರ ಜನವರಿ 16ರಂದು ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ, ಇದೇ ರೀತಿ ಬೆಸುಗೆಯಿಂದ ಕಟ್ಟಿದ ಸ್ಕೆನೆಕ್ಟಡಿ ಎಂಬ ಹೊಸ ತೈಲ ಹಡಗು, ಅಲೆಯಿಲ್ಲ ಬಿರುಗಾಳಿಯಿಲ್ಲ, ಕಟ್ಟೆಯ ಪಕ್ಕದ ನಿಶ್ಚಲ ನೀರಿನಲ್ಲೇ ಭಾರಿ ಸದ್ದಿನೊಂದಿಗೆ ನಡುವೆ ಬಿರಿಯಿತು. ಲಿಬರ್ಟಿ ಹಡಗುಗಳಲ್ಲೂ ಇಂಥ ಬಿರುಕುಗಳು ಸಾಲುಸಾಲಾಗಿ ವರದಿಯಾದವು. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಲೋಹವಿಜ್ಞಾನಿ, ದೋಷ ಬೆಸುಗೆಯೊಂದರದ್ದೇ ಅಲ್ಲ, ಚಳಿಯಲ್ಲಿ ಆ ಉಕ್ಕೇ ಗಾಜಿನಂತೆ ಪೆಡಸಾಗುತ್ತದೆ ಎಂದು ತೋರಿಸಿದರು. ರಿವೆಟ್ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸೆದ ಹಡಗೋ ಇಡಿಯಾಗಿ ಒಂದೇ ತಗಡು. ಡೆಕ್ಕಿನ ಚೌಕ ಬಾಗಿಲಿನ ಮೂಲೆಯಲ್ಲಿ ಹುಟ್ಟಿದ ಬಿರುಕಿಗೆ ತಡೆಯೇ ಇರಲಿಲ್ಲ. ಮೂಲೆಗಳನ್ನು ದುಂಡಗೆ ಮಾಡಿ, ಅಡ್ಡಪಟ್ಟಿಗಳನ್ನು ರಿವೆಟ್ ಹೊಡೆದು ಬಿರುಕಿಗೆ ಅಣೆಕಟ್ಟು ಹಾಕಬೇಕಾಯಿತು.

ಯುದ್ಧದ ನಂತರ ಅಮೆರಿಕದ ನೌಕಾ ಸಂಶೋಧನಾಲಯದ ಜಾರ್ಜ್ ಇರ್ವಿನ್ ಹಳೆಯ ಪ್ರಬಂಧವನ್ನು ಧೂಳು ಕೊಡವಿ ಎತ್ತಿಕೊಂಡರು. ಲೋಹದಲ್ಲಿ ಬಿರುಕಿನ ತುದಿಯ ಸುತ್ತ ಒಂದಿಷ್ಟು ಭಾಗ ಶಾಶ್ವತವಾಗಿ ಹಿಗ್ಗುತ್ತದೆ, ಶಕ್ತಿಯ ದೊಡ್ಡ ಖರ್ಚು ಅಲ್ಲೇ ಆಗುತ್ತದೆ ಎಂದು ಅವರೂ, ಬೇರೆಯಾಗಿ ಇ. ಓರೋವಾನ್ ಅವರೂ ಕಂಡುಕೊಂಡರು. ಖರ್ಚಿನ ಬಾಬಿಗೆ ಇದೊಂದನ್ನು ಸೇರಿಸಿದ್ದೇ ತಡ, ಗ್ರಿಫಿತ್ ಲೆಕ್ಕ ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಕೂಡಿಬಂತು. ಮುರಿತದ ಅಧ್ಯಯನ ಒಂದು ಶಾಸ್ತ್ರವಾದದ್ದು ಅಲ್ಲಿಂದ ಮುಂದೆ.

ಅದು ಶಾಸ್ತ್ರವಾಗುವ ಮುನ್ನ ಇನ್ನಷ್ಟು ಜೀವಗಳು ಹೋದವು. ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ವಿಮಾನ ಕಾಮೆಟ್, 1954ರ ಜನವರಿ 10 ಮತ್ತು ಏಪ್ರಿಲ್ 8ರಂದು ಇಟಲಿ ಬಳಿಯ ಸಮುದ್ರದ ಮೇಲೆ ಎರಡು ಬಾರಿ ಆಗಸದಲ್ಲೇ ಛಿದ್ರವಾಗಿ 56 ಮಂದಿ ಸತ್ತರು. ತನಿಖೆ ನಡೆದದ್ದು ಗ್ರಿಫಿತ್ ಗಾಜು ಒಡೆದಿದ್ದ ಅದೇ ಫಾರ್ನ್‌ಬರೋದಲ್ಲಿ. ಇಡೀ ವಿಮಾನವೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹಾರಾಟದಲ್ಲಿ ಆಗುವಂತೆ ಒಳಗಿನ ಒತ್ತಡವನ್ನು ಏರಿಸಿ ಇಳಿಸಿ ನೋಡಲಾಯಿತು. ಹಿಂದಿನ ನಿಜ ಹಾರಾಟಗಳೂ ಸೇರಿ ಸುಮಾರು 3,000 ಸುತ್ತು ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಒಡಲು ಬಿರಿಯಿತು. ಲೋಹದ ದಣಿವಿನಿಂದ ಇಂಚಿಂಚೇ ಬೆಳೆದ ಸಣ್ಣ ಬಿರುಕು, ಗಡಿ ದಾಟಿದ ಗಳಿಗೆಯಲ್ಲಿ ಓಟ ಕಿತ್ತಿತ್ತು.

ಗ್ರಿಫಿತ್ ಅವರು ಆಗ ಫಾರ್ನ್‌ಬರೋದಲ್ಲಿರಲಿಲ್ಲ. 1939ರಲ್ಲೇ ರೋಲ್ಸ್ ರಾಯ್ಸ್ ಕಂಪನಿ ಅವರನ್ನು ಕರೆಸಿಕೊಂಡಿತ್ತು. 1941ರಲ್ಲಿ ರಾಯಲ್ ಸೊಸೈಟಿಯ ಫೆಲೊ ಗೌರವ ಸಂದಿತ್ತು. ಅವರ ಅಕ್ಷೀಯ ಕಂಪ್ರೆಸರ್ ವಿನ್ಯಾಸದಿಂದ ಬೆಳೆದ ಏವನ್ ಎಂಜಿನ್ ಮುಂದೆ ಭಾರತೀಯ ವಾಯುಪಡೆಯ ಹಂಟರ್ ಮತ್ತು ಕ್ಯಾನ್‌ಬೆರಾ ವಿಮಾನಗಳನ್ನೂ ಹಾರಿಸಿತು. ನೆಟ್ಟಗೆ ಮೇಲೇಳುವ ವಿಮಾನದ ಕನಸು ಹಿಡಿದು ಅವರು ರೂಪಿಸಿದ, ರೆಕ್ಕೆಯೇ ಇಲ್ಲದ, ಹಾರುವ ಮಂಚವೆಂದೇ ಹೆಸರಾದ ಯಂತ್ರ, ಕಾಮೆಟ್ ತನಿಖೆ ನಡೆಯುತ್ತಿದ್ದ 1954ರ ಆಗಸ್ಟಿನಲ್ಲೇ ನೆಲ ಬಿಟ್ಟು ಮೇಲೆದ್ದಿತು. 1960ರಲ್ಲಿ ನಿವೃತ್ತರಾದ ಅವರು 1963ರ ಅಕ್ಟೋಬರ್ 13ರಂದು ನಿಧನರಾದರು.

ಬಿರುಕು ಮುಂದುವರಿದಾಗ ಬಿಡುಗಡೆಯಾಗುವ ಶಕ್ತಿಯನ್ನು ಗುರುತಿಸಲು ಇರ್ವಿನ್ ಅವರು ಗ್ರಿಫಿತ್ ಹೆಸರಿನ ಮೊದಲಕ್ಷರವಾದ ಜಿ ಅನ್ನೇ ಆರಿಸಿದ್ದರು. ವಿಮಾನದ ಯಾವ ಭಾಗವನ್ನು ಎಷ್ಟು ಹಾರಾಟಗಳಿಗೊಮ್ಮೆ ಬಿಚ್ಚಿ ಬಿರುಕು ಹುಡುಕಬೇಕೆಂದು ಇಂದು ಲೆಕ್ಕ ಹಾಕುವ ಎಂಜಿನಿಯರುಗಳು ಆ ಅಕ್ಷರವನ್ನು ಹಾಗೆಯೇ ಬಳಸುತ್ತಾರೆ.